ಗಸಗಸೆಯ ಹೊಲ, ದ್ರಾಕ್ಷಿಯ ಪಡ: ಅಫ್ಘಾನಿಸ್ತಾನದ ಅಫೀಮು ಮತ್ತು ಜಗತ್ತಿನ ಒಪ್ಪಂದಗಳು

ಅಫೀಮು ಗಸಗಸೆ ಗಿಡದ ಹಾಲು. ಹಸಿ ಕಾಯಿಗೆ ಸಂಜೆ ಗೀರು ಹಾಕಿದರೆ ರಾತ್ರಿಯಿಡೀ ಒಸರಿ ಬೆಳಗಾಗುವಷ್ಟರಲ್ಲಿ ಕಂದು ಅಂಟಾಗಿರುತ್ತದೆ. ಅದನ್ನು ಕೆರೆದು ತೆಗೆದದ್ದೇ ಅಫೀಮು. ಅಫೀಮಿನಿಂದ ಮಾರ್ಫಿನ್ ಬರುತ್ತದೆ. ಮಾರ್ಫಿನ್ನಿಗೆ ಅಸಿಟಿಕ್ ಅನ್‌ಹೈಡ್ರೈಡ್ ಎಂಬ ರಾಸಾಯನಿಕ ಕೂಡಿದರೆ ಹೆರಾಯಿನ್. ಕ್ಯಾನ್ಸರ್ ರೋಗಿಯ ನೋವು ತಗ್ಗಿಸುವ ಔಷಧವೂ ಹಬ್ಬದ ದಿನದ ಗಸಗಸೆ ಪಾಯಸವೂ ಬೀದಿಯಲ್ಲಿ ಕದ್ದು ಮಾರುವ ಪುಡಿಯೂ ಒಂದೇ ಗಿಡದ ಸಂತಾನ. ಔಷಧ ಮತ್ತು ಪಾಯಸವನ್ನು ಉಳಿಸಿಕೊಂಡು ಪುಡಿಯನ್ನು ಮಾತ್ರ ಹೇಗೆ ತಡೆಯುವುದು ಎಂಬ ಪ್ರಶ್ನೆ ಹಿಡಿದು ದೇಶದೇಶಗಳು ನೂರು ವರ್ಷಕ್ಕೂ ಮೇಲ್ಪಟ್ಟು ಸಭೆ ಸೇರುತ್ತ ಬಂದಿವೆ. ಆ ಸಭೆಗಳ ತೀರ್ಮಾನಗಳೆಲ್ಲ ಕಠಿಣ ಪರೀಕ್ಷೆಗೆ ಒಳಗಾದ ನೆಲ ಅಫ್ಘಾನಿಸ್ತಾನ. ನಲವತ್ತು ವರ್ಷ ಯುದ್ಧ ಕಂಡ ಈ ದೇಶ 2022ರವರೆಗಿನ ಎರಡು ದಶಕಗಳಲ್ಲಿ ಜಗತ್ತಿನ ಅಕ್ರಮ ಅಫೀಮಿನ ಬಹುಪಾಲನ್ನು, ಹಲವು ವರ್ಷ ಶೇ 80ಕ್ಕೂ ಹೆಚ್ಚನ್ನು, ಬೆಳೆದಿತ್ತು.

ವಿಜಯಪುರ ಜಿಲ್ಲೆಯ ರೈತನಿಗೆ ಈ ಕಥೆಯ ಒಳಸುಳಿ ಬೇಗ ತಿಳಿಯುತ್ತದೆ. ತಿಕೋಟಾ, ಬಬಲೇಶ್ವರ ತಾಲ್ಲೂಕುಗಳಲ್ಲಿ, ನಿಡೋಣಿಯಂಥ ಊರುಗಳ ಸುತ್ತಿನ ಸೀಮೆಯಲ್ಲಿ ಜನ ನೆಚ್ಚಿಕೊಂಡಿರುವ ದ್ರಾಕ್ಷಿ ಮತ್ತು ದಾಳಿಂಬೆಗಳನ್ನೇ ಕಂದಹಾರ, ಹೆಲ್ಮಂಡ್ ಪ್ರಾಂತಗಳ ರೈತನಿಗೆ ಗಸಗಸೆಯ ಬದಲಿ ಬೆಳೆಯೆಂದು ತೋರಿಸಲಾಯಿತು. ಕಡಿಮೆ ಮಳೆ, ಆಳಕ್ಕಿಳಿಯುವ ಬೋರ್‌ವೆಲ್, ಬೆಳೆ ಬರುವ ಮೊದಲೇ ಕೈಗೆ ಬಂದು ಖರ್ಚಾಗುವ ಮುಂಗಡ ಹಣ, ಒಣದ್ರಾಕ್ಷಿಯ ದರದ ಏರಿಳಿತ ಎರಡೂ ಕಡೆ ಒಂದೇ. ಒಂದು ಕಡೆ ಸರ್ಕಾರ, ರಸ್ತೆ, ಬ್ಯಾಂಕು, ಮಾರುಕಟ್ಟೆ ಹೇಗೋ ನಡೆದುಕೊಂಡು ಹೋಗುತ್ತವೆ. ಇನ್ನೊಂದು ಕಡೆ ಅವು ದಶಕಗಳ ಕಾಲ ನಿಂತೇಹೋಗಿದ್ದವು. ಅಫೀಮಿನ ಪ್ರಶ್ನೆ ಹುಟ್ಟಿಕೊಳ್ಳುವುದೇ ಅಲ್ಲಿ.

ಅಫೀಮಿನ ಬಗ್ಗೆ ಮೊದಲ ಅಂತರರಾಷ್ಟ್ರೀಯ ಸಭೆ ನಡೆದದ್ದು 1909ರಲ್ಲಿ, ಶಾಂಘೈಯಲ್ಲಿ. 1912ರಲ್ಲಿ ಹೇಗ್ ಒಪ್ಪಂದ ಬಂತು. ಅಲ್ಲಿಯವರೆಗೆ ಜಗತ್ತಿನ ಅತಿ ದೊಡ್ಡ ಅಫೀಮು ರಫ್ತುದಾರನಾಗಿದ್ದವನು ಯಾವ ಕಳ್ಳಸಾಗಣೆದಾರನೂ ಅಲ್ಲ, ಬ್ರಿಟಿಷ್ ಇಂಡಿಯಾ ಸರ್ಕಾರ. ಗಂಗಾ ಬಯಲಿನ ಅಫೀಮು ಕಲ್ಕತ್ತೆಯಿಂದ ಚೀನಾಕ್ಕೆ ಹಡಗೇರುತ್ತಿತ್ತು, ಮಾಳವದ ಅಫೀಮು ಮುಂಬಯಿಯಿಂದ. ವಿಜಯಪುರ ಆಗ ಸೇರಿದ್ದದ್ದೂ ಆ ಮುಂಬಯಿ ಪ್ರಾಂತಕ್ಕೇ. ಮುಂದೆ ವಿಶ್ವಸಂಸ್ಥೆಯ ಆಶ್ರಯದಲ್ಲಿ 1961, 1971 ಮತ್ತು 1988ರಲ್ಲಿ ಮೂರು ಒಡಂಬಡಿಕೆಗಳಾದವು. ಮೊದಲನೆಯದು ಅಫೀಮು, ಕೋಕಾ, ಗಾಂಜಾ ಕುಲದ ವಸ್ತುಗಳನ್ನು ವೈದ್ಯಕೀಯ ಮತ್ತು ವೈಜ್ಞಾನಿಕ ಬಳಕೆಗೆ ಮಾತ್ರ ಸೀಮಿತಗೊಳಿಸಿತು. ಎರಡನೆಯದು ಕಾರ್ಖಾನೆಯಲ್ಲಿ ತಯಾರಾಗುವ ಮನೋವಿಕಾರಕ ರಾಸಾಯನಿಕಗಳಿಗೆ ಸಂಬಂಧಿಸಿದ್ದು. 1988ರ ಡಿಸೆಂಬರಿನಲ್ಲಿ ವಿಯೆನ್ನಾದಲ್ಲಿ ಅಂಗೀಕಾರವಾದ ಮೂರನೆಯದು ಸಾಗಣೆ, ಹಣದ ಮರೆಮಾಚುವಿಕೆ, ಆರೋಪಿಗಳ ಹಸ್ತಾಂತರ, ತಯಾರಿಕೆಗೆ ಬೇಕಾದ ರಾಸಾಯನಿಕಗಳ ನಿಯಂತ್ರಣ ಇವೆಲ್ಲವನ್ನೂ ಒಳಗೊಂಡಿತು. ಭಾರತದ 1985ರ ಮಾದಕವಸ್ತು ಕಾಯ್ದೆ ಇದೇ ಸರಣಿಯ ಕೂಸು.

ಈ ಒಡಂಬಡಿಕೆಗಳೆಲ್ಲ ಒಂದು ನಂಬಿಕೆಯ ಮೇಲೆ ನಿಂತಿವೆ. ಸಹಿ ಹಾಕಿದ ಸರ್ಕಾರಕ್ಕೆ ತನ್ನ ಹೊಲಗಳ ಮೇಲೆ ಹಿಡಿತ ಇದ್ದೇ ಇದೆ ಎಂಬುದು ಆ ನಂಬಿಕೆ. ಹಿಡಿತ ಇದ್ದರೆ ಏನಾಗಬಹುದು ಎಂಬುದಕ್ಕೆ ಭಾರತವೇ ನಿದರ್ಶನ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳ ನಿಗದಿತ ಪ್ರದೇಶಗಳಲ್ಲಿ ಗ್ವಾಲಿಯರ್‌ನ ಕೇಂದ್ರ ಮಾದಕದ್ರವ್ಯ ಕಚೇರಿ ಪ್ರತಿ ವರ್ಷ ಪರವಾನಗಿ ಕೊಟ್ಟು, ಹೊಲ ಅಳೆದು, ಅಫೀಮನ್ನು ತೂಗಿ ಕೊಂಡು ನೀಮಚ್ ಮತ್ತು ಗಾಜಿಪುರದ ಸರ್ಕಾರಿ ಕಾರ್ಖಾನೆಗಳಿಗೆ ಕಳಿಸುತ್ತದೆ. ತುರ್ಕಿ ಬೇರೆ ದಾರಿ ಹಿಡಿಯಿತು. ಅಮೆರಿಕದ ಒತ್ತಡಕ್ಕೆ 1972ರಲ್ಲಿ ಬೆಳೆ ನಿಲ್ಲಿಸಿ, 1974ರಲ್ಲಿ ನಿಷೇಧ ಹಿಂತೆಗೆದು, ಕಾಯಿಗೆ ಗೀರು ಹಾಕದೆ ಒಣ ಕಾಯಿಯನ್ನೇ ಕಾರ್ಖಾನೆಗೆ ಕೊಡುವ ಪದ್ಧತಿ ತಂದಿತು. ಕರ್ನಾಟಕದ ಅಡುಗೆಮನೆಗೆ ಬರುವ ಗಸಗಸೆಯಲ್ಲಿ ದೊಡ್ಡ ಪಾಲು ಇಂದಿಗೂ ತುರ್ಕಿಯದು. ಆ ಆಮದಿನ ಕರಾರುಗಳೂ ಗ್ವಾಲಿಯರ್‌ನಲ್ಲಿ ನೋಂದಣಿ ಆಗಬೇಕು. 2005ರಲ್ಲಿ ಸೆನ್ಲಿಸ್ ಕೌನ್ಸಿಲ್ ಎಂಬ ಸಂಸ್ಥೆ ಇಂಥದೇ ಪರವಾನಗಿ ಪದ್ಧತಿಯನ್ನು ಅಫ್ಘಾನಿಸ್ತಾನಕ್ಕೂ ಸೂಚಿಸಿತು. ಸೂಚನೆಗೆ ಮನ್ನಣೆ ಸಿಗಲಿಲ್ಲ. ಅಳೆಯುವ ನೌಕರನೇ ಹೋಗಲಾಗದ ಹೊಲಕ್ಕೆ ಪರವಾನಗಿ ಕೊಟ್ಟು ಫಲವೇನು?

ಅಫ್ಘಾನಿಸ್ತಾನ ಮೊದಲಿನಿಂದ ಅಫೀಮಿನ ಕಣಜವೇನೂ ಆಗಿರಲಿಲ್ಲ. ಗಸಗಸೆ ಅಲ್ಲಿ ಹಳೆಯ ಬೆಳೆ ನಿಜ, ಆದರೆ ಸಣ್ಣ ಬೆಳೆ. ಸುತ್ತಲಿನ ದೇಶಗಳ ನಿಷೇಧವೇ ಅದನ್ನು ದೊಡ್ಡದು ಮಾಡಿತು ಎಂಬುದು ಈ ಚರಿತ್ರೆಯ ವಿಚಿತ್ರ. ಇರಾನ್ 1955ರಲ್ಲಿ ಬೆಳೆ ನಿಷೇಧಿಸಿತು, ನಡುವೆ ಒಂದಿಷ್ಟು ಬಿಟ್ಟು, 1979ರ ಕ್ರಾಂತಿಯ ನಂತರ ಮತ್ತೆ ಕಟ್ಟುನಿಟ್ಟು ಮಾಡಿತು. ಪಾಕಿಸ್ತಾನವೂ 1979ರಲ್ಲೇ ನಿಷೇಧ ತಂದಿತು. ಬೇಡಿಕೆ ಹಾಗೇ ಇತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಸೋವಿಯತ್ ಸೈನ್ಯ ಕಾಬೂಲಿಗೆ ನುಗ್ಗಿತು. ಕಾಲುವೆಗಳು ಹಾಳಾದವು, ಹಣ್ಣಿನ ತೋಟಗಳು ಸುಟ್ಟುಹೋದವು, ಲಕ್ಷಾಂತರ ಜನ ಗಡಿ ದಾಟಿದರು. ಹೋರಾಟದ ಸರದಾರರಿಗೆ ಬಂದೂಕಿಗೆ ಹಣ ಬೇಕಿತ್ತು, ಉಳಿದ ರೈತರಿಗೆ ಹಿಟ್ಟಿಗೆ ಹಣ ಬೇಕಿತ್ತು. ವಿಶ್ವಸಂಸ್ಥೆಯ ಸಮೀಕ್ಷೆ ಶುರುವಾದ 1994ರ ಹೊತ್ತಿಗೆ ಗಸಗಸೆ 71,000 ಹೆಕ್ಟೇರಿಗೆ ಹಬ್ಬಿತ್ತು, ವರ್ಷದ ಇಳುವರಿ 3,400 ಟನ್.

ರೈತ ಗಸಗಸೆ ಬಿತ್ತುವುದು ಲಾಭ ಹೆಚ್ಚೆಂಬ ಒಂದೇ ಕಾರಣಕ್ಕಲ್ಲ. ಹೆಲ್ಮಂಡ್‌ನಲ್ಲಿ ಬಿತ್ತನೆ ಅಕ್ಟೋಬರ್–ನವೆಂಬರಿನಲ್ಲಿ, ಕೊಯ್ಲು ಏಪ್ರಿಲ್–ಮೇ ಹೊತ್ತಿಗೆ. ಗೋಧಿಗಿಂತ ನೀರು ತೀರ ಹೆಚ್ಚೇನೂ ಬೇಡ. ಅಫೀಮು ಒಣಗಿದರೆ ವರ್ಷಗಟ್ಟಲೆ ಕೆಡದು, ಮನೆಯ ಮೂಲೆಯಲ್ಲಿ ಹೂತಿಟ್ಟ ಉಳಿತಾಯವಾಗುತ್ತದೆ. ಹಗುರ, ಹೇಸರಗತ್ತೆಯ ಮೇಲೆ ಒಯ್ಯಬಹುದು. ದಾರಿಯಲ್ಲಿ ಹತ್ತು ಕಡೆ ಸುಲಿಗೆಯವರು ನಿಂತಿರುವ ದೇಶದಲ್ಲಿ ಬೆಳೆಯನ್ನು ಮಾರುಕಟ್ಟೆಗೆ ಹೊತ್ತೊಯ್ಯುವ ಚಿಂತೆಯೇ ಇಲ್ಲ, ವ್ಯಾಪಾರಿಯೇ ಹೊಲಕ್ಕೆ ಬರುತ್ತಾನೆ. ಎಲ್ಲಕ್ಕಿಂತ ಮುಖ್ಯವಾದದ್ದು ‘ಸಲಾಂ’. ಚಳಿಗಾಲದಲ್ಲಿ ಮನೆಯಲ್ಲಿ ಕಾಳು ಮುಗಿದಾಗ ವ್ಯಾಪಾರಿ ಬರಲಿರುವ ಅಫೀಮಿನ ಲೆಕ್ಕದಲ್ಲಿ ಮುಂಗಡ ಕೊಡುತ್ತಾನೆ, ದರ ಮಾತ್ರ ಅಂದಿನ ಪೇಟೆ ಧಾರಣೆಯ ಅರ್ಧದಷ್ಟು. ಕಬ್ಬು ಕಡಿಯುವ ತಂಡಗಳು ಹಂಗಾಮಿಗೆ ಮೊದಲು ಉಚಲ್ ಎಂಬ ಮುಂಗಡ ಪಡೆದು ಕಾರ್ಖಾನೆಯ ಕಡೆ ಹೊರಡುವುದನ್ನು ಕಂಡ ವಿಜಯಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ವಂತ ನೆಲ ಇಲ್ಲದವನಿಗೆ ಪಾಲಿನ ಹೊಲ ಸಿಗಬೇಕಾದರೂ ಗಸಗಸೆ ಬಿತ್ತಲು ಒಪ್ಪಬೇಕು; ದುಡಿಮೆ ಮಾತ್ರ ಹಾಕುವವನಿಗೆ ದಕ್ಕುವುದು ಸುಮಾರು ಕಾಲು ಪಾಲು. ಸಾಲ, ಜಮೀನು, ಉಳಿತಾಯ, ಮಾರುಕಟ್ಟೆ ನಾಲ್ಕೂ ಒಂದೇ ಗಿಡದಲ್ಲಿ ಸಿಗುವಾಗ ಬೆಳೆ ನಾಶ ಮಾಡಿದರೆ ಆ ನಾಲ್ಕೂ ಒಟ್ಟಿಗೆ ನಾಶವಾಗುತ್ತವೆ. ಬೆಳೆ ಹೋಗಿ ಸಾಲ ಉಳಿದ ಮನೆಗಳಲ್ಲಿ ಹೆಣ್ಣುಮಕ್ಕಳನ್ನೇ ಸಾಲಗಾರನಿಗೆ ಮದುವೆ ಮಾಡಿಕೊಟ್ಟ ಸಂಗತಿಗಳು ಅಲ್ಲಿಂದ ವರದಿಯಾಗಿವೆ.

ಇದಕ್ಕೆ ಎದುರಾಗಿ ದ್ರಾಕ್ಷಿಯನ್ನು ಇಟ್ಟು ನೋಡಬೇಕು. ತಿಕೋಟಾದ ಪಡದಲ್ಲಿ ಬಳ್ಳಿ ನೆಟ್ಟು ಕಂಬ ತಂತಿ ಕಟ್ಟಿ ಹನಿ ನೀರಾವರಿ ಹಾಕಿದ ಮೇಲೆ ಕೈಗೆ ಹಣ ಬರಲು ಎರಡು ವರ್ಷ ಕಾಯಬೇಕು. ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆಯ ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಜಾಲರಿಯ ಮೇಲೆ ಹದಿನೈದು ದಿನ ಒಣಗಿಸಿ, ದರ ಬರುವವರೆಗೆ ಶೀತಲಗೃಹದಲ್ಲಿಟ್ಟು, ವಿಜಯಪುರದ ಎಪಿಎಂಸಿಗೋ ಗಡಿಯಾಚೆಯ ತಾಸಗಾಂವ್, ಸಾಂಗಲಿಗೋ ಒಯ್ಯಬೇಕು. ಒಣಗಿಸುವ ಹೊತ್ತಿನಲ್ಲಿ ಅಕಾಲ ಮಳೆ ಬಿದ್ದರೆ ವರ್ಷದ ದುಡಿಮೆ ಕಪ್ಪಾಗುತ್ತದೆ. ಬ್ಯಾಂಕು, ಸೊಸೈಟಿ, ಕರೆಂಟು, ಲಾರಿ, ಹರಾಜುಕಟ್ಟೆ ಎಲ್ಲವೂ ಇದ್ದೂ ಇದು ಗಂಡಾಂತರದ ಬೆಳೆ. ಕಂದಹಾರದಲ್ಲಿ ದ್ರಾಕ್ಷಿ ಒಣಗುವುದು ‘ಕಿಶ್ಮಿಶ್ ಖಾನಾ’ ಎಂಬ ಮಣ್ಣಿನ ಮನೆಗಳಲ್ಲಿ. ದಪ್ಪ ಗೋಡೆ, ಗೋಡೆ ತುಂಬ ಸಾಲು ಕಿಂಡಿ, ಒಳಗೆ ನೆರಳಿನಲ್ಲಿ ತೂಗುಹಾಕಿದ ಗೊಂಚಲು. 2010ರ ಸುಮಾರಿನಲ್ಲಿ ಝರಿ ಜಿಲ್ಲೆ ಮುಂತಾದ ಕಡೆ ತಾಲಿಬಾನ್ ಹೋರಾಟಗಾರರು ಈ ಗೋಡೆಗಳ ಮರೆಯಿಂದ ಗುಂಡು ಹಾರಿಸುತ್ತಿದ್ದ ಕಾರಣ ಅಮೆರಿಕದ ಸೈನ್ಯ ಅನೇಕ ಕಿಶ್ಮಿಶ್ ಖಾನಾಗಳನ್ನು ಸ್ಫೋಟಿಸಿ ಕೆಡವಿತು. ಗಸಗಸೆ ಬಿಟ್ಟು ದ್ರಾಕ್ಷಿ ಬೆಳೆಯಿರೆಂದು ಸಸಿ ಹಂಚಿದ ಹಣವೂ ಆ ಗೋಡೆಗಳನ್ನು ಉರುಳಿಸಿದ ಹಣವೂ ಒಂದೇ ಖಜಾನೆಯದು.

2001ರ ಕೊನೆಗೆ ತಾಲಿಬಾನ್ ಸರ್ಕಾರ ಬಿದ್ದ ಮೇಲೆ ಸಹಕಾರ ಎಂಬ ಮಾತಿಗೆ ದೊಡ್ಡ ಮೊತ್ತದ ಹಣ ಬೆನ್ನಿಗೆ ನಿಂತಿತು. 2002ರಲ್ಲಿ ಶ್ರೀಮಂತ ದೇಶಗಳು ಕೆಲಸ ಹಂಚಿಕೊಂಡವು. ಸೈನ್ಯ ಕಟ್ಟುವುದು ಅಮೆರಿಕದ ಪಾಲು, ಪೊಲೀಸು ಜರ್ಮನಿಗೆ, ನ್ಯಾಯಾಂಗ ಇಟಲಿಗೆ, ಶಸ್ತ್ರ ಇಳಿಸುವುದು ಜಪಾನಿಗೆ, ಅಫೀಮು ಬ್ರಿಟನ್ನಿಗೆ. ಕಳ್ಳಸಾಗಣೆದಾರನನ್ನು ಹಿಡಿಯುವ ಪೊಲೀಸ್, ವಿಚಾರಣೆ ನಡೆಸುವ ನ್ಯಾಯಾಧೀಶ, ಬೆಳೆ ನೋಡುವ ಅಧಿಕಾರಿ ಮೂವರೂ ಮೂರು ದೇಶಗಳ ಯೋಜನೆಗಳ ಕೆಳಗೆ ಬಂದರು. ಬ್ರಿಟನ್ನಿನ ಮೊದಲ ಪ್ರಯೋಗ ಅದೇ ವರ್ಷದ ವಸಂತದಲ್ಲಿ: ನಿಂತ ಬೆಳೆ ನಾಶ ಮಾಡಲು ಬಿಟ್ಟರೆ ಪ್ರತಿ ಜೆರಿಬಿಗೆ, ಎಂದರೆ ಹೆಚ್ಚುಕಡಿಮೆ ಇಪ್ಪತ್ತು ಗುಂಟೆಗೆ, 350 ಡಾಲರ್ ಪರಿಹಾರ. ಹಣ ಎಷ್ಟೋ ಕಡೆ ಸ್ಥಳೀಯ ಮುಖಂಡರ ಕೈಯಲ್ಲೇ ನಿಂತಿತು. ಹಣ ತಲುಪಿದ ಕಡೆಯೂ ಗಸಗಸೆ ಬಿತ್ತಿದವನಿಗೆ ಮಾತ್ರ ಪರಿಹಾರ ಎಂಬ ಪಾಠವನ್ನು ರೈತ ಸರಿಯಾಗಿಯೇ ಕಲಿತ. ಮರುವರ್ಷ ಬಿತ್ತನೆ ಹೆಚ್ಚಿತು.

ಆಮೇಲೆ ಬಂದ ಯೋಜನೆಗಳಲ್ಲಿ ಹೆಚ್ಚು ಗಮನ ಸಲ್ಲಬೇಕಾದದ್ದು 2008ರಲ್ಲಿ ಹೆಲ್ಮಂಡ್‌ನಲ್ಲಿ ಶುರುವಾದ ‘ಆಹಾರ ವಲಯ’. ಕಾಲುವೆ ಪ್ರದೇಶದ ರೈತರಿಗೆ ಗೋಧಿ ಬೀಜ, ಗೊಬ್ಬರ ಕೊಡುವುದು, ಗಸಗಸೆ ಬಿತ್ತದಂತೆ ಎಚ್ಚರಿಸುವುದು, ಬಿತ್ತಿದರೆ ನಾಶ ಮಾಡುವುದು. ಜೊತೆಗೆ ಸಾವಿರಾರು ವಿದೇಶಿ ಸೈನಿಕರ ಕಾವಲು. ಕಾಗದದ ಮೇಲೆ ಫಲಿತಾಂಶ ಚೆನ್ನಾಗಿತ್ತು. ಹೆಲ್ಮಂಡ್‌ನ ಗಸಗಸೆ 2008ರ ಸುಮಾರು 1,03,000 ಹೆಕ್ಟೇರಿನಿಂದ 2011ಕ್ಕೆ 63,000ಕ್ಕೆ ಇಳಿಯಿತು. ಕಾಲುವೆ ಪ್ರದೇಶದಲ್ಲಿ ಗೋಧಿಗೆ ಕೂಲಿ ಕಡಿಮೆ ಬೇಕಾದ ಕಾರಣ ಪಾಲುದಾರ ರೈತರು ಮಾತ್ರ ನೆಲ ಕಳೆದುಕೊಂಡರು. ಅವರು ಬೋಘ್ರಾ ಕಾಲುವೆಯ ಉತ್ತರದ ಮರುಭೂಮಿಗೆ ಹೋಗಿ, ಬೋರ್‌ವೆಲ್ ಕೊರೆದು, ಸರ್ಕಾರದ ಕಣ್ಣು ಹಾಯದ ಕಡೆ ಗಸಗಸೆಯನ್ನೇ ಬೆಳೆದರು. ಮೊದಲು ಡೀಸೆಲ್ ಪಂಪು. ಕೆಲವೇ ವರ್ಷಗಳಲ್ಲಿ ಚೀನಾದ ಅಗ್ಗದ ಸೌರಫಲಕಗಳು ಬಂದು ಹತ್ತಾರು ಸಾವಿರ ಕೊಳವೆಬಾವಿಗಳು ಎದ್ದವು. 2013ಕ್ಕೆ ಹೆಲ್ಮಂಡ್‌ನ ಲೆಕ್ಕ ಮತ್ತೆ ಒಂದು ಲಕ್ಷ ಹೆಕ್ಟೇರು ಮುಟ್ಟಿತು. ಆ ಬೋಘ್ರಾ ಕಾಲುವೆಯೂ ಅದಕ್ಕೆ ನೀರು ತರುವ ನದಿಯ ಮೇಲಿನ ಕಜಕಿ ಅಣೆಕಟ್ಟೂ ಎರಡನೇ ಮಹಾಯುದ್ಧದ ನಂತರ ಅಮೆರಿಕದ ಕಂಪನಿಯೊಂದು ಕಟ್ಟಿಕೊಟ್ಟವು.

2017ರಲ್ಲಿ ದೇಶದಲ್ಲಿ ಗಸಗಸೆ 3,28,000 ಹೆಕ್ಟೇರಿಗೇರಿ ದಾಖಲೆಯಾಯಿತು. ಉತ್ಪಾದನೆ ಸುಮಾರು 9,000 ಟನ್. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕ ಹೆರಾಯಿನ್ ತಯಾರಿಸುವ ತಾಣಗಳೆಂದು ಗುರುತಿಸಿದ ಕಟ್ಟಡಗಳ ಮೇಲೆ ವಿಮಾನದಿಂದ ಬಾಂಬು ಹಾಕತೊಡಗಿತು. ಮಣ್ಣಿನ ಗೋಡೆ, ಬ್ಯಾರೆಲ್ಲು, ಒಲೆ ಇಷ್ಟೇ ಇರುವ ತಾಣವನ್ನು ದುಬಾರಿ ಬಾಂಬಿನಿಂದ ಹೊಡೆಯುವ ಈ ಲೆಕ್ಕಾಚಾರ ಒಂದೂವರೆ ವರ್ಷ ಬಾಳಲಿಲ್ಲ. ಅಮೆರಿಕದ ಸಂಸತ್ತು ಸ್ಥಾಪಿಸಿದ ಅಫ್ಘಾನ್ ಪುನರ್ನಿರ್ಮಾಣದ ವಿಶೇಷ ತನಿಖಾಧಿಕಾರಿಯ ಕಚೇರಿ 2018ರಲ್ಲಿ ಲೆಕ್ಕ ಹಾಕಿದಂತೆ 2002ರಿಂದ 2017ರವರೆಗೆ ಅಫೀಮಿನ ವಿರುದ್ಧ ಅಮೆರಿಕ ಒಂದೇ ಖರ್ಚು ಮಾಡಿದ್ದು 862 ಕೋಟಿ ಡಾಲರ್. ಶಾಶ್ವತ ಇಳಿಕೆ ಏನೂ ಕಾಣಲಿಲ್ಲ ಎಂಬುದು ಆ ವರದಿಯದೇ ತೀರ್ಪು.

ಈ ಸೋಲನ್ನು ಅಫ್ಘಾನರ ಸ್ವಭಾವಕ್ಕೆ ಕಟ್ಟುವವರು ಹತ್ತಿರದ ಉದಾಹರಣೆಯನ್ನು ನೋಡಬೇಕು. ಆಂಧ್ರ–ಒಡಿಶಾ ಗಡಿಯ ಕಾಡುಗುಡ್ಡಗಳು, ಕೋರಾಪುಟ್, ಮಲ್ಕಾನ್‌ಗಿರಿ, ವಿಶಾಖಪಟ್ಟಣದ ಏಜೆನ್ಸಿ ಪ್ರದೇಶ, ಮಾವೋವಾದಿ ಸಂಘರ್ಷದ ದಶಕಗಳಲ್ಲಿ ದೇಶದ ಗಾಂಜಾ ಕಣಜವಾದವು. ರಸ್ತೆ ಇಲ್ಲ, ಪೊಲೀಸ್ ಒಳಗೆ ಬರಲಾರ, ವ್ಯಾಪಾರಿ ಮುಂಗಡದೊಡನೆ ಬರುತ್ತಾನೆ: ಹೆಲ್ಮಂಡ್‌ನ ಕಥೆಯೇ ಕನ್ನಡಿಗರ ನೆರೆಯಲ್ಲಿ. ಅಲ್ಲಿಂದ ಹೊರಟ ಮಾಲು ಕಲ್ಯಾಣ ಕರ್ನಾಟಕದ ಮೂಲಕ ಹಾಯುತ್ತದೆ. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಕಲಬುರಗಿ ಜಿಲ್ಲೆಯ ಕಾಳಗಿ ತಾಲ್ಲೂಕಿನ ಕುರಿ ಸಾಕಣೆ ಶೆಡ್ಡೊಂದರಲ್ಲಿ ನೆಲದಡಿ ಬಚ್ಚಿಟ್ಟಿದ್ದ 1,300 ಕಿಲೋಗೂ ಹೆಚ್ಚು ಗಾಂಜಾ ತೆಗೆದರು. ಅದು ಒಡಿಶಾದ ಸರಕು. ಆಂಧ್ರ ಪೊಲೀಸರ ‘ಪರಿವರ್ತನ’ ಕಾರ್ಯಾಚರಣೆ 2021ರ ಕೊನೆಗೆ ಶುರುವಾಗಿ ಸಾವಿರಾರು ಎಕರೆ ಗಿಡ ಕಿತ್ತಿತು, 2022ರ ಫೆಬ್ರುವರಿಯಲ್ಲಿ ಅನಕಾಪಲ್ಲಿ ಬಳಿ ಎರಡು ಲಕ್ಷ ಕಿಲೋ ಗಾಂಜಾ ಸುಟ್ಟಿತು. ಸಂಘರ್ಷ ಇಳಿದು ಪೊಲೀಸ್ ಒಳಗೆ ಹೋಗುವಂತಾದ ಮೇಲೆಯೇ ಅದು ಸಾಧ್ಯವಾಯಿತು ಎಂಬುದನ್ನು ಗಮನಿಸಬೇಕು. ವಿಜಯಪುರದ ಕಡೆ ತೊಗರಿ, ಕಬ್ಬಿನ ನಡುವೆ ಅಲ್ಲೊಂದು ಇಲ್ಲೊಂದು ಹೊಲದಲ್ಲಿ ಗಾಂಜಾ ಗಿಡ ಸಿಕ್ಕಾಗ ಅಬಕಾರಿಯವರು ಬಂದು ಕಿತ್ತೊಯ್ಯುತ್ತಾರೆ, ಮೊಕದ್ದಮೆ ನಡೆಯುತ್ತದೆ. ಕಾನೂನು ಎರಡೂ ಕಡೆ ಒಂದೇ. ಹೊಲಕ್ಕೆ ದಾರಿ ಇದೆಯೋ ಇಲ್ಲವೋ ಎಂಬುದಷ್ಟೇ ಬೇರೆ.

ಹೊಲದಲ್ಲಿ ಆಗದ್ದನ್ನು ಗಡಿಯಲ್ಲಿ ಮಾಡುವ ಪ್ರಯತ್ನಗಳಿಗೆ ಹೆಸರು ಬಹಳ. 2003ರಲ್ಲಿ ಪ್ಯಾರಿಸ್ ಸಭೆಯಿಂದ ‘ಪ್ಯಾರಿಸ್ ಒಪ್ಪಂದ’ ಎಂಬ ವೇದಿಕೆ ಹುಟ್ಟಿತು. ಮಧ್ಯ ಏಷ್ಯಾದ ಐದು ದೇಶಗಳು, ರಷ್ಯಾ ಮತ್ತು ಅಜರ್‌ಬೈಜಾನ್ ಸೇರಿ ಅಲ್ಮಾಟಿಯಲ್ಲಿ ಮಾಹಿತಿ ಕೇಂದ್ರ ತೆರೆದವು. 2007ರಲ್ಲಿ ಅಫ್ಘಾನಿಸ್ತಾನ, ಇರಾನ್, ಪಾಕಿಸ್ತಾನಗಳ ‘ತ್ರಿಕೋನ’ ಒಪ್ಪಂದವಾಯಿತು, ಟೆಹರಾನಿನಲ್ಲಿ ಜಂಟಿ ಯೋಜನಾ ಘಟಕ ಕೂತಿತು. 2011ರ ಇಸ್ತಾಂಬುಲ್ ಪ್ರಕ್ರಿಯೆ ಎಂಬ ಪ್ರಾದೇಶಿಕ ವೇದಿಕೆಯಲ್ಲಿ ಭಾರತವೂ ಇತ್ತು. ಇವುಗಳಲ್ಲಿ ಇರಾನಿನ ಪಾತ್ರ ಬೇರೆಯವರದಕ್ಕಿಂತ ಹೆಚ್ಚು ರಕ್ತ ಬೇಡಿತು. ಪೂರ್ವ ಗಡಿಯಲ್ಲಿ ಕಂದಕ ತೋಡಿ, ಗೋಡೆ ಕಟ್ಟಿ, 1979ರಿಂದೀಚೆಗೆ ಮೂರು ಸಾವಿರಕ್ಕೂ ಹೆಚ್ಚು ಗಡಿ ಸಿಬ್ಬಂದಿಯನ್ನು ಆ ದೇಶ ಕಳೆದುಕೊಂಡಿದೆ. ಆದರೆ ಒಂದೇ ಕಳ್ಳನನ್ನು ಹಿಡಿಯಬೇಕಾದ ದೇಶಗಳು ಪರಸ್ಪರ ನಂಬುವುದಿಲ್ಲ. ಇರಾನ್ ಮತ್ತು ಅಮೆರಿಕ ಹಗೆಯಲ್ಲೇ ಉಳಿದವು; ಪಾಕಿಸ್ತಾನದ ಮಾಹಿತಿಯನ್ನು ಕಾಬೂಲ್, ಕಾಬೂಲಿನದನ್ನು ಪಾಕಿಸ್ತಾನ ಅನುಮಾನದಿಂದ ನೋಡಿದವು. ನ್ಯಾಯಾಲಯದ ದಾರಿಯೂ ರಾಜಕೀಯಕ್ಕೆ ಬಾಗಿತು. ದೊಡ್ಡ ಹೆರಾಯಿನ್ ವ್ಯಾಪಾರಿ ಬಶೀರ್ ನೂರ್‌ಝೈ 2005ರಲ್ಲಿ ನ್ಯೂಯಾರ್ಕಿನಲ್ಲಿ ಸೆರೆಯಾಗಿ, 2009ರಲ್ಲಿ ಜೀವಾವಧಿ ಶಿಕ್ಷೆ ಪಡೆದು, 2022ರ ಸೆಪ್ಟೆಂಬರಿನಲ್ಲಿ ಒತ್ತೆಯಾಳಾಗಿದ್ದ ಅಮೆರಿಕದ ಎಂಜಿನಿಯರ್ ಒಬ್ಬನಿಗೆ ಬದಲಾಗಿ ಬಿಡುಗಡೆಯಾದ.

ಭೂಮಾರ್ಗ ಬಿಗಿಯಾದಷ್ಟೂ ಮಾಲು ಸಮುದ್ರಕ್ಕೆ ಇಳಿಯಿತು. ಇರಾನ್ ಮತ್ತು ಪಾಕಿಸ್ತಾನದ ಮಕ್ರಾನ್ ಕರಾವಳಿಯಿಂದ ಪೂರ್ವ ಆಫ್ರಿಕಾ, ಶ್ರೀಲಂಕಾ, ಭಾರತದ ಪಶ್ಚಿಮ ತೀರಕ್ಕೆ ದೋಣಿಗಳು ಹೊರಡುತ್ತವೆ. 2021ರ ಸೆಪ್ಟೆಂಬರಿನಲ್ಲಿ, ಕಾಬೂಲ್ ತಾಲಿಬಾನ್ ಕೈಸೇರಿ ಒಂದು ತಿಂಗಳಾಗಿತ್ತಷ್ಟೇ, ಗುಜರಾತಿನ ಮುಂದ್ರಾ ಬಂದರಿನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದವರು ಎರಡು ಕಂಟೇನರುಗಳಿಂದ 2,988 ಕಿಲೋ ಹೆರಾಯಿನ್ ತೆಗೆದರು. ಕಾಗದದಲ್ಲಿ ಅದು ಅಫ್ಘಾನಿಸ್ತಾನದ ಬಳಪದ ಕಲ್ಲು, ಬಂದದ್ದು ಇರಾನಿನ ಬಂದರ್ ಅಬ್ಬಾಸ್ ಮೂಲಕ, ತರಿಸಿಕೊಂಡ ಸಂಸ್ಥೆಯ ನೋಂದಣಿ ವಿಜಯವಾಡದಲ್ಲಿ. 2023ರ ಮೇ ತಿಂಗಳಲ್ಲಿ ನೌಕಾಪಡೆ ಮತ್ತು ಮಾದಕವಸ್ತು ನಿಯಂತ್ರಣ ಬ್ಯೂರೋ ಕೊಚ್ಚಿಗೆ ತಂದ ಸರಕು 2,500 ಕಿಲೋ ಮೆಥಾಂಫೆಟಮಿನ್. ಬಂದರಿನಲ್ಲಿ ಕಂಟೇನರ್ ಆರಿಸಿ ತಪಾಸಣೆ ಮಾಡುವ ವಿದ್ಯೆಯನ್ನು ವಿಶ್ವಸಂಸ್ಥೆ ಮತ್ತು ವಿಶ್ವ ಸುಂಕ ಸಂಘಟನೆ 2004ರಿಂದ ನಾನಾ ದೇಶಗಳಿಗೆ ಕಲಿಸುತ್ತಿವೆ. ಸಹಕಾರ ನಿಜವಾಗಿ ಫಲ ಕೊಟ್ಟಿರುವುದು ಇಂಥ, ಸುದ್ದಿಯಾಗದ ಕಚೇರಿ ಕೆಲಸದಲ್ಲಿ.

ರಾಸಾಯನಿಕದ ಕಾವಲೂ ಅದೇ ಜಾತಿಯದು. ಅಸಿಟಿಕ್ ಅನ್‌ಹೈಡ್ರೈಡ್ ಆಸ್ಪಿರಿನ್ ಮಾತ್ರೆಗೂ ಸಿಗರೇಟಿನ ಫಿಲ್ಟರಿಗೂ ಬೇಕು; ಭಾರತ ಸೇರಿ ಹಲವು ದೇಶಗಳು ತಯಾರಿಸುತ್ತವೆ. ಅಫ್ಘಾನಿಸ್ತಾನದಲ್ಲಿ ಅದನ್ನು ಬಳಸುವ ಕಾನೂನುಬದ್ಧ ಕಾರ್ಖಾನೆ ಒಂದೂ ಇಲ್ಲ. ಆದ್ದರಿಂದ ಆ ದೇಶದೊಳಗೆ ಹೋದ ಪ್ರತಿ ಬ್ಯಾರೆಲ್ಲೂ ಕಳ್ಳ ಬ್ಯಾರೆಲ್ಲೇ. 2000ದ ಡಿಸೆಂಬರಿನ ಭದ್ರತಾ ಮಂಡಳಿಯ 1333ನೇ ನಿರ್ಣಯ ತಾಲಿಬಾನ್ ಪ್ರದೇಶಕ್ಕೆ ಈ ರಾಸಾಯನಿಕ ಮಾರುವುದನ್ನೇ ನಿಷೇಧಿಸಿತ್ತು. 2006ರಿಂದ ಅಂತರರಾಷ್ಟ್ರೀಯ ಮಾದಕವಸ್ತು ನಿಯಂತ್ರಣ ಮಂಡಳಿಯ ಗಣಕ ಜಾಲದಲ್ಲಿ ರಫ್ತು ಮಾಡುವ ದೇಶ ಆಮದು ದೇಶಕ್ಕೆ ಮೊದಲೇ ತಿಳಿಸುತ್ತದೆ; ಉತ್ತರ ಅನುಮಾನದ್ದಾದರೆ ಸರಕು ನಿಲ್ಲುತ್ತದೆ. ಭಾರತ 1993ರಲ್ಲೇ ನಿಯಂತ್ರಣ ಆದೇಶ ತಂದು 2013ರಲ್ಲಿ ಅದನ್ನು ಬಿಗಿಗೊಳಿಸಿತು. ಈ ಕಾವಲಿನಿಂದ ಕಳ್ಳಪೇಟೆಯಲ್ಲಿ ರಾಸಾಯನಿಕದ ದರ ಏರಿತು. ಆದರೆ ಈ ಕಾವಲು ತಟ್ಟದ ದಾರಿಯೂ ಒಂದು ತೆರೆದುಕೊಂಡಿತು. ಅಫ್ಘಾನ್ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಎಫೆಡ್ರಾ ಗಿಡದಿಂದ ಮೆಥಾಂಫೆಟಮಿನ್ ತೆಗೆಯುವ ಕುಲುಮೆಗಳು 2010ರ ದಶಕದ ಕೊನೆಗೆ ಎದ್ದವು.

ಇಷ್ಟು ಒಪ್ಪಂದ, ಇಷ್ಟು ಹಣದಿಂದ ಆಗದ್ದು ಎರಡು ಸಲ ಒಂದು ಆಜ್ಞೆಯಿಂದ ಆಯಿತು. 2000ದ ಜುಲೈಯಲ್ಲಿ ತಾಲಿಬಾನ್ ಮುಖ್ಯಸ್ಥ ಮುಲ್ಲಾ ಒಮರ್ ಗಸಗಸೆ ನಿಷೇಧಿಸಿದ. ಹಿಂದಿನ ವರ್ಷ 82,000 ಹೆಕ್ಟೇರ್ ಇದ್ದದ್ದು 2001ರಲ್ಲಿ 8,000ಕ್ಕೆ ಬಂತು. ಎರಡನೆಯದು ಮತ್ತೆ ಅಧಿಕಾರಕ್ಕೆ ಬಂದ ತಾಲಿಬಾನಿನ ಮುಖ್ಯಸ್ಥ ಹೈಬತುಲ್ಲಾ ಅಖುಂದ್‌ಜಾದಾನ 2022ರ ಏಪ್ರಿಲ್ 3ರ ಆಜ್ಞೆ. 2022ರಲ್ಲಿ 2,33,000 ಹೆಕ್ಟೇರ್ ಇದ್ದ ಬೆಳೆ 2023ರಲ್ಲಿ 10,800ಕ್ಕೆ ಕುಸಿಯಿತು, ಅಫೀಮು 6,200 ಟನ್ನಿನಿಂದ 333 ಟನ್ನಿಗೆ. ಮರುವರ್ಷ ಸ್ವಲ್ಪ ಏರಿ, 2025ರಲ್ಲಿ 10,200 ಹೆಕ್ಟೇರ್, 296 ಟನ್ನಿಗೆ ಇಳಿಯಿತು. ಉಪಗ್ರಹ ಚಿತ್ರಗಳು ಹೇಳುವ ಲೆಕ್ಕ ಇದು, ತಾಲಿಬಾನಿನ ಬಾಯಿಮಾತಲ್ಲ. ಹಳ್ಳಿಹಳ್ಳಿಗೂ ತಲುಪುವ ಭಯ ಒಂದಿದ್ದರೆ ಬೆಳೆ ನಿಲ್ಲಿಸಬಹುದು ಎಂಬುದನ್ನು ಅದು ತೋರಿಸಿತು. ಭಯ ಹೊಟ್ಟೆ ತುಂಬಿಸುವುದಿಲ್ಲ ಎಂಬುದನ್ನೂ ಅದೇ ವರ್ಷಗಳು ತೋರಿಸಿದವು. ವಿಶ್ವಸಂಸ್ಥೆಯ ಅಂದಾಜಿನಂತೆ ಅಫೀಮಿನಿಂದ ರೈತರಿಗೆ ಬರುತ್ತಿದ್ದ ಹಣ 136 ಕೋಟಿ ಡಾಲರಿನಿಂದ 11 ಕೋಟಿಗೆ ಇಳಿಯಿತು. 2023ರಲ್ಲಿ ಒಂದು ಹೆಕ್ಟೇರ್ ಗೋಧಿಗೆ ಸುಮಾರು 770 ಡಾಲರ್ ಬಂದರೆ ಅಷ್ಟೇ ನೆಲದ ಅಫೀಮಿಗೆ 10,000 ಡಾಲರ್ ಬರುತ್ತಿತ್ತು. ಲಾಭ ಹಳೆಯ ದಾಸ್ತಾನು ಹೂತಿಟ್ಟುಕೊಂಡಿದ್ದ ದೊಡ್ಡ ಜಮೀನುದಾರರಿಗೆ, ವ್ಯಾಪಾರಿಗಳಿಗೆ. 2024ರ ಮೇ ತಿಂಗಳಲ್ಲಿ ಬದಖ್ಶಾನ್ ಪ್ರಾಂತದಲ್ಲಿ ಬೆಳೆ ಕೀಳಲು ಬಂದವರ ವಿರುದ್ಧ ರೈತರು ಎದ್ದರು, ಗುಂಡಿಗೆ ಜನ ಸತ್ತರು. ಅಷ್ಟರಲ್ಲಿ ಅಫೀಮಿನ ಮೊದಲ ಸ್ಥಾನ ಇನ್ನೊಂದು ಯುದ್ಧಪೀಡಿತ ದೇಶಕ್ಕೆ ಹೋಗಿತ್ತು: 2023ರಲ್ಲಿ ಮ್ಯಾನ್ಮಾರ್ 1,080 ಟನ್ ಬೆಳೆಯಿತು.

ನೆರವು ಕೊಡಲು ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ, ಆದರೆ ಜಗತ್ತು ಕೊಡುವ ಸ್ಥಿತಿಯಲ್ಲಿರಲಿಲ್ಲ. ಹೆಣ್ಣುಮಕ್ಕಳ ಪ್ರೌಢಶಾಲೆ ಮುಚ್ಚಿದ ಸರ್ಕಾರಕ್ಕೆ ಮಾನ್ಯತೆ ಇರಲಿಲ್ಲ, ಮಾನ್ಯತೆ ಇಲ್ಲದೆ ಅಭಿವೃದ್ಧಿ ಸಾಲ ಇರಲಿಲ್ಲ, ನಿರ್ಬಂಧದ ಭಯಕ್ಕೆ ಬ್ಯಾಂಕುಗಳು ಹಣ ಸಾಗಿಸಲು ಹಿಂಜರಿಯುತ್ತಿದ್ದವು. ಈ ನಿಲುವಿಗೆ ನೈತಿಕ ಬಲ ಇದೆ. ಅದರ ಬೆಲೆ ತೆರುವವರು ಮಾತ್ರ ಶಾಲೆ ಮುಚ್ಚಿದವರಲ್ಲ. ವಿಶ್ವಸಂಸ್ಥೆ ಕರೆದ ದೋಹಾ ಸಭೆಯಲ್ಲಿ, 2024ರ ಜೂನ್ ಕೊನೆಗೆ, ತಾಲಿಬಾನ್ ಪ್ರತಿನಿಧಿಗಳ ಎದುರು ಮಾದಕವಸ್ತು ಒಂದು ಮುಖ್ಯ ವಿಷಯವಾಯಿತು. ರಷ್ಯಾ 2025ರ ಜುಲೈಯಲ್ಲಿ ಮಾನ್ಯತೆ ಕೊಟ್ಟಿತು. ಭಾರತ ಅದೇ ವರ್ಷದ ಅಕ್ಟೋಬರಿನಲ್ಲಿ ಕಾಬೂಲಿನ ತನ್ನ ತಾಂತ್ರಿಕ ತಂಡವನ್ನು ಮತ್ತೆ ರಾಯಭಾರ ಕಚೇರಿಯಾಗಿಸಿತು, ಮಾನ್ಯತೆಯ ಮಾತೆತ್ತದೆ.

ಅಫೀಮಿನ ಹೆಸರೇ ಎತ್ತದೆ ಅಫೀಮಿಗೆ ಎದುರು ನಿಂತ ಒಂದು ಒಪ್ಪಂದ ಭಾರತದ್ದೇ ಇದೆ. 2003ರ ಮಾರ್ಚ್ 6ರ ಭಾರತ–ಅಫ್ಘಾನ್ ಆದ್ಯತಾ ವ್ಯಾಪಾರ ಒಪ್ಪಂದ ಒಣದ್ರಾಕ್ಷಿ, ಬಾದಾಮಿ, ದಾಳಿಂಬೆ ಸೇರಿ 38 ಅಫ್ಘಾನ್ ಸರಕುಗಳಿಗೆ ಸುಂಕದ ರಿಯಾಯಿತಿ ಕೊಟ್ಟಿತು. 2017ರ ಜೂನಿನಲ್ಲಿ ಕಾಬೂಲ್–ದೆಹಲಿ ನಡುವೆ ಸರಕು ವಿಮಾನದ ದಾರಿ ತೆರೆಯಿತು. ಕಂದಹಾರದ ರೈತನಿಗೆ ಬಳ್ಳಿ ನೆಡಲು ಧೈರ್ಯ ಬರುವುದು ಕೊಳ್ಳುವವನು ಇದ್ದಾನೆಂದು ಗೊತ್ತಾದಾಗ, ಆ ಮಟ್ಟಿಗೆ ಇದು ಬಾಂಬಿಗಿಂತ ಬುದ್ಧಿವಂತ ಕೆಲಸ. ಇದಕ್ಕೂ ಒಬ್ಬ ಬೆಲೆ ತೆರುವವನಿದ್ದಾನೆ. ಹೊರದೇಶದ ಒಣದ್ರಾಕ್ಷಿ ಅಗ್ಗವಾಗಿ ಬಂದಾಗ ವಿಜಯಪುರ, ಸಾಂಗಲಿ ಪೇಟೆಯಲ್ಲಿ ದರ ಕುಸಿಯುತ್ತದೆಂಬ ದೂರು ಇಲ್ಲಿನ ಬೆಳೆಗಾರರದು, ಅದು ಹುರುಳಿಲ್ಲದ ದೂರಲ್ಲ. ರಿಯಾಯಿತಿ ಕೊಡುವ ಸರ್ಕಾರ ಆ ನಷ್ಟವನ್ನು ತಿಕೋಟಾದ ಪಡದ ಲೆಕ್ಕಕ್ಕೆ ಬರೆಯದೆ ತನ್ನ ಲೆಕ್ಕಕ್ಕೆ ಬರೆದುಕೊಳ್ಳಬೇಕು.

ಅಫ್ಘಾನ್ ಹಣ್ಣು ಭಾರತಕ್ಕೆ ಬರಲು ಭೂಮಾರ್ಗದ ಹತ್ತಿರದ ದಾರಿ ಪಾಕಿಸ್ತಾನದ ಮೂಲಕವೇ. 2025ರ ಅಕ್ಟೋಬರ್ ಎರಡನೇ ವಾರದಲ್ಲಿ ಪಾಕಿಸ್ತಾನ ಮತ್ತು ಅಫ್ಘಾನಿಸ್ತಾನದ ಸೈನಿಕರು ಗಡಿಯಲ್ಲಿ ಕಾದಾಡಿದ ಮೇಲೆ ತೋರ್ಖಮ್ ಮತ್ತು ಚಮನ್ ದ್ವಾರಗಳು ವ್ಯಾಪಾರಕ್ಕೆ ಮುಚ್ಚಿದವು. ಕಂದಹಾರದಲ್ಲಿ ಅದು ದಾಳಿಂಬೆ ಕೊಯ್ಯುವ ಕಾಲ. ಹೆಲ್ಮಂಡ್‌ನಲ್ಲಿ ಗಸಗಸೆ ಬಿತ್ತುವ ಕಾಲ.